ಇಪ್ಪತ್ತೈದು ಲಕ್ಷದೊಳಗಿನ ಬಡವರು

ಸ್ವಂತಕ್ಕೆ ವಿದ್ಯುತ್ ಕಾರು ಕೊಳ್ಳುವವರಿಗೆ ಸರ್ಕಾರ ಸಬ್ಸಿಡಿ ಕೊಡುತ್ತಿಲ್ಲ ಎಂಬ ಮಾತು ಕಾಗದದ ಮೇಲೆ ನಿಜ. ಕೇಂದ್ರದ ಫೇಮ್ ಯೋಜನೆಯ ಎರಡನೇ ಹಂತ 2019ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ನಡೆಯಿತು. ಬಾಡಿಗೆಗೆ ಓಡುವ ಕಾರುಗಳಿಗೆ ಅದರಲ್ಲಿ ಹಣವಿತ್ತು, ಮನೆಯ ಕಾರಿಗೆ ಇರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ ಪಿಎಂ ಇ-ಡ್ರೈವ್ 10,900 ಕೋಟಿ ರೂಪಾಯಿಯ ಯೋಜನೆ. ಸ್ಕೂಟರ್, ಆಟೋ, ಬಸ್, ಲಾರಿ, ಆಂಬುಲೆನ್ಸ್, ಚಾರ್ಜಿಂಗ್ ಕೇಂದ್ರ ಎಲ್ಲವೂ ಅದರಲ್ಲಿವೆ, ಕಾರು ಇಲ್ಲ. ಹಾಗಾಗಿ ಕಾರು ಕೊಂಡವರು ‘ನಮಗೇನ್ ಕೊಟ್ಟಾರ್ರೀ ಸರ್ಕಾರದವ್ರು’ ಎಂದು ಕೇಳಿದರೆ ಎದುರಿನವರಿಗೆ ತಟ್ಟನೆ ಉತ್ತರ ಹೊಳೆಯುವುದಿಲ್ಲ.

ಉತ್ತರ ಇದೆ. ಕೊಡುವುದಕ್ಕೆ ಎರಡು ದಾರಿ. ಜೇಬಿಗೆ ಹಾಕುವುದು ಒಂದು, ಜೇಬಿನಿಂದ ತೆಗೆದುಕೊಳ್ಳಬೇಕಾದ್ದನ್ನು ಬಿಟ್ಟುಬಿಡುವುದು ಇನ್ನೊಂದು. ವಿದ್ಯುತ್ ಕಾರಿಗೆ ಸಿಗುವುದೆಲ್ಲ ಈ ಎರಡನೇ ದಾರಿಯಿಂದ. 2019ರ ಆಗಸ್ಟ್‌ನಿಂದ ಅದರ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಕರ್ನಾಟಕವಂತೂ 2016ರಲ್ಲೇ ಇವುಗಳ ಮೇಲಿನ ಆಜೀವ ತೆರಿಗೆಯನ್ನು ಪೂರ್ತಿ ಬಿಟ್ಟಿತು, 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ಎಂಬ ಹೆಸರನ್ನೂ ಪಡೆಯಿತು. ಜೇಬಿಗೆ ಹಾಕುವ ಸಬ್ಸಿಡಿಗೆ ಬಜೆಟ್‌ನಲ್ಲಿ ಒಂದು ಸಾಲು ಇರುತ್ತದೆ, ಇಷ್ಟೇ ಎಂಬ ಮಿತಿ ಇರುತ್ತದೆ, ಫಲಾನುಭವಿಗಳ ಪಟ್ಟಿ ಪಂಚಾಯಿತಿ ಗೋಡೆಯ ಮೇಲೆ ಅಂಟುತ್ತದೆ. ಬಿಟ್ಟ ತೆರಿಗೆಗೆ ಸಾಲೂ ಇಲ್ಲ, ಗೋಡೆಯೂ ಇಲ್ಲ.

ಮಿತಿ ಇಲ್ಲ ಎಂದರೆ ಏನೆಂದು ನೋಡೋಣ. ನಮ್ಮ ರಾಜ್ಯದಲ್ಲಿ ಪೆಟ್ರೋಲ್ ಕಾರಿನ ಆಜೀವ ತೆರಿಗೆ 5 ಲಕ್ಷದವರೆಗೆ ಶೇ. 13, ಅಲ್ಲಿಂದ 10 ಲಕ್ಷದವರೆಗೆ ಶೇ. 14, 20 ಲಕ್ಷದವರೆಗೆ ಶೇ. 17, ಅದರ ಮೇಲೆ ಶೇ. 18. ಸೆಸ್ ಬೇರೆ. 9 ಲಕ್ಷದ ವಿದ್ಯುತ್ ಕಾರು ಕೊಂಡವರಿಗೆ ಬಿಟ್ಟ ತೆರಿಗೆ 1.26 ಲಕ್ಷ. 24 ಲಕ್ಷದ್ದು ಕೊಂಡವರಿಗೆ 4.32 ಲಕ್ಷ. ಹೆಚ್ಚು ಇದ್ದವರಿಗೆ ಹೆಚ್ಚು. 2024ರ ಮಾರ್ಚ್‌ನಲ್ಲಿ ಕಾನೂನು ತಿದ್ದಿ 25 ಲಕ್ಷ ಮೀರಿದ ವಿದ್ಯುತ್ ಕಾರಿಗೆ ಶೇ. 10 ತೆರಿಗೆ ಹಾಕಿದರು. ಒಳ್ಳೆಯದೇ ಆಯಿತು. ಆದರೆ ಆ ತಿದ್ದುಪಡಿಯ ಇನ್ನೊಂದು ಅರ್ಥವನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ: 25 ಲಕ್ಷದವರೆಗಿನ ಕಾರು ಕೊಳ್ಳುವವರು ಸರ್ಕಾರದ ಕೈಹಿಡಿತ ಬೇಕಾದವರು ಎಂದು ಅದು ತೀರ್ಮಾನಿಸಿತು.

ಅದೇ ಸರ್ಕಾರ ಬಿಪಿಎಲ್ ಚೀಟಿಗೆ ವರ್ಷದ ಆದಾಯ 1.20 ಲಕ್ಷ ದಾಟಬಾರದು ಎನ್ನುತ್ತದೆ. ಸ್ವಂತ ಬಳಕೆಯ ನಾಲ್ಕು ಗಾಲಿಯ ವಾಹನ ಇದ್ದರೂ ಚೀಟಿ ಇಲ್ಲ. ಎಂಬತ್ತು ಸಾವಿರಕ್ಕೆ ಹಳೆಯ ಓಮ್ನಿ ಒಂದನ್ನು ಕೊಂಡು, ಸಂತೆಗೂ ಆಸ್ಪತ್ರೆಗೂ ಮನೆಮಂದಿಯನ್ನು ಕೂಡಿಸಿಕೊಂಡು ಹೋಗುವವನ ಅಕ್ಕಿ ನಿಲ್ಲುತ್ತದೆ. ಇಪ್ಪತ್ನಾಲ್ಕು ಲಕ್ಷದ ವಿದ್ಯುತ್ ಕಾರು ತಂದವರಿಗೆ ನಾಲ್ಕೂ ಕಾಲು ಲಕ್ಷದ ಮಾಫಿ. ಎರಡೂ ಗೋಕಾಕದ ಒಂದೇ ರಸ್ತೆಯಲ್ಲಿ, ಒಂದೇ ಕೆಎ 49 ಪಾಟಿ ಹಾಕಿಕೊಂಡು ಓಡುತ್ತವೆ.

ಇದು ಕಾಗದದ ಹೋಲಿಕೆ ಎನಿಸಿದರೆ ಕಬ್ಬಿನ ಅಳತೆಯಲ್ಲಿ ಹೇಳುತ್ತೇನೆ. 2025ರ ಅಕ್ಟೋಬರ್ ಕೊನೆಯಿಂದ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ಕೂತಿದ್ದರು. ನವೆಂಬರ್ 7ರಂದು ಅದು 3,300ಕ್ಕೆ ನಿಂತಿತು. ಆ ಕೊನೆಯ ನೂರು ರೂಪಾಯಿಯಲ್ಲಿ ಕಾರ್ಖಾನೆಯದು 50, ಸರ್ಕಾರದ್ದು 50. ಆ ಐವತ್ತು ರೂಪಾಯಿಗೆ ಎಷ್ಟು ಸಭೆ, ಎಷ್ಟು ಮಾತು, ಎಷ್ಟು ಚೌಕಾಸಿ! ಒಂದು 24 ಲಕ್ಷದ ಕಾರಿಗೆ ಬಿಟ್ಟ ತೆರಿಗೆ 8,640 ಟನ್ ಕಬ್ಬಿಗೆ ಸರ್ಕಾರ ಕೊಡುವ ಆ ಐವತ್ತು ರೂಪಾಯಿಗೆ ಸಮ. ಅದಕ್ಕೆ ಯಾರೂ ಕ್ರಾಸ್‌ನಲ್ಲಿ ಕೂರಬೇಕಾಗಲಿಲ್ಲ.

ಇನ್ನು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ತೆರಿಗೆ ಸೆಸ್ ಸೇರಿ 29ರಷ್ಟಿದ್ದದ್ದು 18ಕ್ಕೆ ಬಂತು, ದೊಡ್ಡ ಎಸ್‌ಯುವಿಗಳದ್ದು 50ರಿಂದ 40ಕ್ಕೆ. ವಿದ್ಯುತ್ ಕಾರು 5ರಲ್ಲೇ ಉಳಿಯಿತು. ಸಣ್ಣ ಕಾರು ಅಗ್ಗವಾದದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ವಿದ್ಯುತ್ತಿಗೆ ಬದಲಾಯಿಸಿದರೆ ಸಿಗುವ ಲಾಭ ಎಲ್ಲಿ ಉಳಿಯಿತು ನೋಡಿ. ಸಣ್ಣ ಕಾರಿನಲ್ಲಿ 24 ಅಂಶದ ಅಂತರ ಇದ್ದದ್ದು 13 ಆಯಿತು, ಹೆಚ್ಚುಕಡಿಮೆ ಅರ್ಧ. ದೊಡ್ಡದರಲ್ಲಿ ಇವತ್ತಿಗೂ 35. ದೊಡ್ಡ ಡೀಸೆಲ್ ಗಾಡಿ ಬಿಟ್ಟು ದೊಡ್ಡ ವಿದ್ಯುತ್ ಗಾಡಿ ತೆಗೆದುಕೊಳ್ಳುವುದು ಜಾಣತನ; ಸಣ್ಣ ಪೆಟ್ರೋಲ್ ಗಾಡಿ ಬಿಟ್ಟು ಸಣ್ಣ ವಿದ್ಯುತ್ ಗಾಡಿ ತೆಗೆದುಕೊಳ್ಳುವುದು ಲೆಕ್ಕ ಹಾಕಿ ಹಾಕಿ ಬೆವರುವ ಕೆಲಸ.

ಆ ಬೆವರಿನ ಲೆಕ್ಕವನ್ನು ನಾನು ನಮ್ಮ ಮಾಮಾನಿಗಾಗಿ ಹಾಕಿದೆ. ಅವನು ಮೂಡಲಗಿಯ ಕಡೆ ಹೈಸ್ಕೂಲು ಮಾಸ್ತರ. ಶಾಲೆ ಮನೆಯಿಂದ ಇಪ್ಪತ್ತೆರಡು ಕಿಲೋಮೀಟರ್. ತಿಂಗಳಿಗೆ ಸಾವಿರ ಕಿ.ಮೀ. ಆಗುತ್ತದೆ. ‘ಯವ್ವಾ, ನೀ ಏನೋ ಪಿಎಚ್.ಡಿ. ಮಾಡಾಕತ್ತೀಯಂತ. ಈ ಕರೆಂಟಿನ ಕಾರಿಂದೊಂದು ಲೆಕ್ಕಾ ಹಾಕಿ ಹೇಳ ನೋಡೂಣು’ ಎಂದ. ಸಹಕಾರ ಸಂಘಗಳ ಇತಿಹಾಸ ಓದುವವಳಿಗೆ ಕಾರಿನ ಲೆಕ್ಕ ಬರುತ್ತದೆ ಎಂಬ ಅವನ ನಂಬಿಕೆಗೆ ಏನು ಹೇಳಲಿ!

8 ಲಕ್ಷದ ಪೆಟ್ರೋಲ್ ಕಾರು, ಅದೇ ಗಾತ್ರದ 12 ಲಕ್ಷದ ವಿದ್ಯುತ್ ಕಾರು ಎಂದು ಹಿಡಿಯಿರಿ. ವ್ಯತ್ಯಾಸ 4 ಲಕ್ಷ. ಪೆಟ್ರೋಲ್ ಕಾರಿಗೆ ಕಟ್ಟಬೇಕಾದ ಆಜೀವ ತೆರಿಗೆ 1.12 ಲಕ್ಷ ಕಳೆದರೆ 2.88 ಲಕ್ಷ. ಪೆಟ್ರೋಲ್ ಲೀಟರಿಗೆ 103ರಂತೆ, 18 ಕಿ.ಮೀ. ಓಡಿದರೆ ಕಿಲೋಮೀಟರಿಗೆ 5 ರೂಪಾಯಿ 70 ಪೈಸೆ. ಮನೆಯಲ್ಲಿ ಚಾರ್ಜ್ ಮಾಡಿದರೆ ಯೂನಿಟ್ಟಿಗೆ ಏಳು ಕಿ.ಮೀ.; ತೆರಿಗೆ ಸರ್ಚಾರ್ಜು ಸೇರಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಕಿಲೋಮೀಟರಿಗೆ 1 ರೂಪಾಯಿ. ಉಳಿತಾಯ 4.70. ಹೆಚ್ಚಿಗೆ ಕೊಟ್ಟ ದುಡ್ಡು ವಾಪಸು ಬರಲು 61,000 ಕಿ.ಮೀ. ಓಡಬೇಕು, ಅಂದರೆ ಐದು ವರ್ಷ. ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ತಿಂಗಳಿಗೆ ಐನೂರೇ ಕಿ.ಮೀ. ಓಡಿಸುವವರಿಗೆ ಹತ್ತು ವರ್ಷ. ಆ 2.88 ಲಕ್ಷ ಎಂದರೆ 3,300ರ ದರದಲ್ಲಿ 87 ಟನ್ ಕಬ್ಬು. ನಮ್ಮ ಕಡೆಯ ಒಳ್ಳೆಯ ಹೊಲದಲ್ಲಿ ಎರಡು ಎಕರೆಯ ಬೆಳೆ, ಬೀಜ ಗೊಬ್ಬರ ಕಟಾವು ಯಾವ ಖರ್ಚನ್ನೂ ಕಳೆಯದೆ.

ಐದು ವರ್ಷ ಕೆಟ್ಟ ಲೆಕ್ಕವಲ್ಲ. ಮಾಮಾನ ಮುಖವೂ ಅರಳಿತು. ಆಮೇಲೆ ಗೃಹಜ್ಯೋತಿ ನೆನಪಾಯಿತು.

2023ರಿಂದ ನಮ್ಮ ಮನೆಗಳಿಗೆ ಶೂನ್ಯ ಬಿಲ್ ಬರುತ್ತಿದೆ. ನಿಯಮ ಇಷ್ಟು: 2022-23ರ ತಿಂಗಳ ಸರಾಸರಿಗೆ ಶೇ. 10 ಸೇರಿಸಿದಷ್ಟು ಉಚಿತ. ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಮಾಮಾನ ಮನೆಯ ಸರಾಸರಿ 70. ಕಾರಿಗೆ ತಿಂಗಳಿಗೆ 143 ಯೂನಿಟ್ ಬೇಕು. ಒಟ್ಟು 213. ಹದಿಮೂರು ಯೂನಿಟ್ಟಿನಿಂದ ಮನೆಯ ದೀಪ, ಫ್ಯಾನು, ಮಿಕ್ಸರು ಎಲ್ಲದರ ಬಿಲ್ಲೂ ಕಾರಿನ ತಲೆಗೆ ಬಂತು. ಗೋಡೆಯ ಚಾರ್ಜರ್ ಹಾಕಿಸಲು ಮಂಜೂರಾದ ಲೋಡ್ 5 ಕಿಲೋವ್ಯಾಟ್‌ಗೆ ಏರಿಸಿದರೆ ಕಿಲೋವ್ಯಾಟ್‌ಗೆ 145ರಂತೆ ನಿಗದಿತ ಶುಲ್ಕವೇ 725. ಸುಮಾರು 1,500ರ ಕರೆಂಟು ಸೇರಿ ತಿಂಗಳಿಗೆ 2,200. ಕಿಲೋಮೀಟರಿಗೆ ಒಂದು ರೂಪಾಯಿ ಎಂದಿದ್ದು ಎರಡೂ ಚಿಲ್ಲರೆ ಆಯಿತು, ಐದು ವರ್ಷ ಹೆಚ್ಚುಕಡಿಮೆ ಏಳಾಯಿತು. ಬ್ಯಾಟರಿಗೆ ಬಹುತೇಕ ಕಂಪನಿಗಳು ಕೊಡುವ ಖಾತ್ರಿ ಎಂಟು ವರ್ಷ.

ಕಾರಿದ್ದವರಿಗೆ ಉಚಿತ ಕರೆಂಟು ಯಾಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ತಕರಾರು ಬೇರೆ. ಪಕ್ಕದ ಮನೆಯಲ್ಲಿ ದೊಡ್ಡ ಡೀಸೆಲ್ ಗಾಡಿ ಇದೆ, ಸರಾಸರಿ 180 ಯೂನಿಟ್ ಉರಿಸುತ್ತಾರೆ. ಅವರಿಗೆ 198ರವರೆಗೆ ಉಚಿತ. ಓಣಿಯ ಮೂಲೆಯ ಬಂಗಲೆಯಲ್ಲಿ ಮೂರು ಎಸಿ. ಅವರು ಮೊದಲಿಂದಲೂ 200ರ ಆಚೆ, ವಿದ್ಯುತ್ ಕಾರು ತಂದರೆ ಕಳೆದುಕೊಳ್ಳುವುದು ಏನೂ ಇಲ್ಲ. ಹೊಡೆತ ಬೀಳುವುದು 70 ಯೂನಿಟ್ಟಿನ ಮನೆಗೆ, ಅದೂ ಪೆಟ್ರೋಲ್ ಬಿಡುತ್ತೇನೆ ಎಂದಾಗ. ಒಂದು ಇಲಾಖೆ ‘ಬಾ’ ಎನ್ನುತ್ತದೆ, ಇನ್ನೊಂದು ಇಲಾಖೆ ಹೊಸ್ತಿಲಲ್ಲಿ ನಿಂತು ಸುಂಕ ಕೇಳುತ್ತದೆ.

ಮಾಮಾ ಆದಾಯ ತೆರಿಗೆಯ ಬಗ್ಗೆಯೂ ಕೇಳಿದ. ವಿದ್ಯುತ್ ವಾಹನದ ಸಾಲದ ಬಡ್ಡಿಗೆ 1.5 ಲಕ್ಷದವರೆಗೆ ವಿನಾಯಿತಿ ಕೊಡುವ 80ಇಇಬಿ ಎಂಬ ಕಲಮು ಇತ್ತು. 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ. ‘ನಾ ತಗೋಬೇಕಂದಾಗ ಬಾಗ್ಲಾ ಹಾಕ್ಯಾರ’ ಎಂದ. ಬಾಗಿಲು ಹಾಕಿದ್ದು ಸಂಬಳದವರಿಗೆ. ಗುತ್ತಿಗೆದಾರರು, ಕಾರ್ಖಾನೆಯವರು, ಅಂಗಡಿಯ ಹೆಸರಲ್ಲಿ ಕಾರು ಕೊಳ್ಳುವವರು ವಿದ್ಯುತ್ ಕಾರಿನ ಮೇಲೆ ವರ್ಷಕ್ಕೆ ಶೇ. 40 ಸವಕಳಿ ತೋರಿಸಬಹುದು. ಬೇರೆ ಕಾರಿಗೆ ಶೇ. 15. ಆ ಬಾಗಿಲು ಇನ್ನೂ ತೆರೆದೇ ಇದೆ. ಗೋಕಾಕದಲ್ಲಿ ಅಂಥವರಿಗೇನೂ ಬರವಿಲ್ಲ.

ಇಷ್ಟೆಲ್ಲ ಹೊಸ ಕಾರಿನ ಮಾತು. ನಮ್ಮ ಮೂರು ತಾಲ್ಲೂಕುಗಳಲ್ಲಿ ಹೊಸ ಕಾರು ಎಷ್ಟು ಮನೆಗೆ ಬರುತ್ತದೆ? ನನಗೆ ಗೊತ್ತಿರುವ ಮನೆಗಳಲ್ಲಿ ಮೊದಲ ಕಾರು ಎಂದರೆ ಸೆಕೆಂಡ್ ಹ್ಯಾಂಡ್. ಕೊಲ್ಲಾಪುರದಿಂದ, ಬೆಳಗಾವಿಯಿಂದ, ಯಾರೋ ಡಾಕ್ಟರು ಐದು ವರ್ಷ ಓಡಿಸಿ ಬಿಟ್ಟದ್ದು. ಬಾನೆಟ್ ಎತ್ತಿ, ಸದ್ದು ಕೇಳಿ, ಹೊಗೆಯ ಬಣ್ಣ ನೋಡಿ ಬೆಲೆ ಕಟ್ಟುವ ಮೇಸ್ತ್ರಿ ಪ್ರತಿ ಊರಲ್ಲೂ ಇದ್ದಾನೆ. ವಿದ್ಯುತ್ ಕಾರಿನ ಮುಂದೆ ಅವನು ಸುಮ್ಮನೆ ನಿಲ್ಲಬೇಕು. ಬೆಲೆಯ ದೊಡ್ಡ ಪಾಲು ಬ್ಯಾಟರಿಯಲ್ಲಿದೆ, ಬ್ಯಾಟರಿಯ ಆರೋಗ್ಯ ಕಂಪನಿಯ ಕಂಪ್ಯೂಟರಿನಲ್ಲಿದೆ. ಎರಡನೆಯವನಾಗಿ ಕೊಳ್ಳುವವನಿಗೆ ನಂಬಿಕೆ ಕೊಡುವ ಒಂದು ಪ್ರಮಾಣಪತ್ರದ ವ್ಯವಸ್ಥೆ ಮಾಡುವುದು ಸರ್ಕಾರಕ್ಕೆ ದೊಡ್ಡ ಕೆಲಸವಲ್ಲ. ಅದರ ಬದಲು 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಮಾಡಿದ್ದು ಏನು? ನೋಂದಾಯಿತ ವ್ಯಾಪಾರಿ ಹಳೆಯ ವಿದ್ಯುತ್ ಕಾರು ಮಾರಿದರೆ ಅವನ ಲಾಭಾಂಶದ ಮೇಲಿನ ತೆರಿಗೆಯನ್ನು ಶೇ. 12ರಿಂದ 18ಕ್ಕೆ ಏರಿಸಿತು. ವ್ಯಕ್ತಿಯಿಂದ ವ್ಯಕ್ತಿಗೆ ಮಾರಿದರೆ ಅದಿಲ್ಲ, ನಿಜ. ಆದರೂ ಹೊಸದಕ್ಕೆ 5, ಹಳೆಯದರ ವ್ಯಾಪಾರಕ್ಕೆ 18 ಎಂಬ ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ನೀತಿ ಯಾರ ಮನೆಯ ಮುಂದೆ ನಿಂತಿದೆ ಎಂದು ತಿಳಿಯುತ್ತದೆ.

ಬ್ಯಾಟರಿ ದುಬಾರಿ ಎನ್ನುವವರಿಗೆ ಕಂಪನಿಗಳು 2024ರಲ್ಲಿ ಇನ್ನೊಂದು ದಾರಿ ತೋರಿಸಿದವು: ಕಾರು ನಿಮ್ಮದು, ಬ್ಯಾಟರಿ ನಮ್ಮದು, ಓಡಿದಷ್ಟಕ್ಕೆ ಬಾಡಿಗೆ ಕೊಡಿ. ಎಂಜಿ ವಿಂಡ್ಸರ್ ಬಂದಾಗ ಅದು ಕಿಲೋಮೀಟರಿಗೆ ಮೂರೂವರೆ ರೂಪಾಯಿ. ಕರೆಂಟಿನದು ಒಂದು ಸೇರಿಸಿ, ಪೆಟ್ರೋಲಿನ 5.70ಕ್ಕೂ ಇದಕ್ಕೂ ಉಳಿಯುವುದು ಒಂದು ರೂಪಾಯಿ ಚಿಲ್ಲರೆ. ಇದಕ್ಕೆ ನಮ್ಮಲ್ಲಿ ಹಳೆಯ ಹೆಸರೊಂದಿದೆ, ಗೇಣಿ. 1974ರಲ್ಲಿ ಹೊಲದಿಂದ ಹೋದದ್ದು ಐವತ್ತು ವರ್ಷಕ್ಕೆ ಕಾರಿನೊಳಗೆ ಬಂದು ಕೂತಿದೆ.

ಈಗ ಯಾರಾದರೂ ಹೇಳುತ್ತಾರೆ: ಹೊಸ ತಂತ್ರಜ್ಞಾನವನ್ನು ಯಾವಾಗಲೂ ಇದ್ದವರೇ ಮೊದಲು ಕೊಳ್ಳುತ್ತಾರೆ, ಅವರು ಕೊಂಡರೆ ಬೆಲೆ ಇಳಿಯುತ್ತದೆ, ಇಳಿದರೆ ಮೂಡಲಗಿಗೂ ಬರುತ್ತದೆ. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. 2020ರಲ್ಲಿ ನೆಕ್ಸಾನ್ ಬಂದಾಗ ಹದಿನಾಲ್ಕು ಲಕ್ಷದಿಂದ ಶುರುವಾಗಿದ್ದ ಮೆಟ್ಟಿಲು 2022ರಲ್ಲಿ ಟಿಯಾಗೊ ಬಂದಾಗ ಎಂಟೂವರೆಗೆ ಇಳಿಯಿತು. ಎಲ್ಲ ವಿನಾಯಿತಿಯನ್ನೂ ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ, ಶೇ. 5ರ ಜಿಎಸ್‌ಟಿ ಇರಲಿ. ಆದರೆ ಸೌಲಭ್ಯ ಬೆಲೆಯ ಜೊತೆ ಏರುತ್ತ ಹೋದರೆ ಕಂಪನಿಗಳಿಗೆ ಸಣ್ಣ ಕಾರು ಮಾಡುವ ಆಸೆ ಯಾಕೆ ಹುಟ್ಟಬೇಕು? 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹುಟ್ಟಿತು. ಇಂದಿನ ಈ ರಿಯಾಯಿತಿಗಳು ಯಾವುವೂ ಆಗ ಇರಲಿಲ್ಲ. ಕರ್ನಾಟಕಕ್ಕೆ ಸಣ್ಣ ಕಾರಿನ ಕಲ್ಪನೆ ಬಾರದೇ ಇರಲಿಲ್ಲ ಎಂದಷ್ಟೇ ಹೇಳುವುದು.

ಮೂಡಲಗಿಗೆ ವಿದ್ಯುತ್ ವಾಹನ ಬಂದೇ ಇಲ್ಲ ಎಂದೂ ಅಲ್ಲ. ಬಂದಿದೆ, ಎರಡು ಗಾಲಿಯ ಮೇಲೆ. ಸ್ಕೂಟರಿಗೆ ತಿಂಗಳಿಗೆ ಮೂವತ್ತು ಯೂನಿಟ್ ಸಾಕು, ಗೃಹಜ್ಯೋತಿಯ 200ರ ಗಡಿ ಮುರಿಯುವುದಿಲ್ಲ, ಹದಿನೈದು ಆಂಪಿನ ಪ್ಲಗ್ಗೂ ಬೇಡ. ಗೋಕಾಕದ ಬಜಾರಿನಲ್ಲಿ ಹಾಲು ಮಾರುವವರು, ನರ್ಸುಗಳು, ಪಿಗ್ಮಿ ಕಟ್ಟಿಸಿಕೊಳ್ಳುವವರು ಅದರ ಮೇಲೆ ಓಡಾಡುತ್ತಾರೆ. ಅದರ ಗತಿ ನೋಡಿ: 2021ರಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ಇದ್ದ ಸಬ್ಸಿಡಿ 2023ರ ಜೂನ್‌ನಲ್ಲಿ 10,000, 2024ರಲ್ಲಿ 5,000, 2025ರ ಏಪ್ರಿಲ್‌ನಿಂದ 2,500. ಒಂದು ಸ್ಕೂಟರಿಗೆ ಹೆಚ್ಚೆಂದರೆ 5,000 ರೂಪಾಯಿ. ಅದೇ ವರ್ಷ ಪೆಟ್ರೋಲ್ ಸ್ಕೂಟರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಸ್ಕೂಟರಿಗೆ ಸಬ್ಸಿಡಿ ಶಾಶ್ವತವಾಗಿ ಇರಬಾರದು, ಉದ್ಯಮ ತನ್ನ ಕಾಲ ಮೇಲೆ ನಿಲ್ಲಬೇಕು ಎಂದು ಆಗ ಉಪದೇಶ ಮಾಡಿದವರು ಇಪ್ಪತ್ತು ಲಕ್ಷದ ಕಾರಿಗೆ ಆ ಉಪದೇಶ ಮಾಡಿದ್ದನ್ನು ನಾನು ಕೇಳಿಲ್ಲ.

ಬಸ್ಸಿನ ಕಥೆ ಇನ್ನೂ ಚಿಕ್ಕದು. ಪಿಎಂ ಇ-ಡ್ರೈವ್‌ನ ಬಸ್ಸುಗಳು 40 ಲಕ್ಷ ಜನ ಮೀರಿದ ಒಂಬತ್ತು ನಗರಗಳಿಗೆ. ಅದರಲ್ಲಿ ಬೆಂಗಳೂರಿಗೆ 4,500. ಪಿಎಂ ಇ-ಬಸ್ ಸೇವಾ ಮುಖ್ಯವಾಗಿ 3 ಲಕ್ಷ ಮೀರಿದ ನಗರಗಳಿಗೆ. 2011ರ ಜನಗಣತಿಯಲ್ಲಿ ಗೋಕಾಕ ಒಂದು ಲಕ್ಷವನ್ನೂ ಮುಟ್ಟಿಲ್ಲ. ಮೂಡಲಗಿ, ಹುಕ್ಕೇರಿಯ ಮಾತೇ ಬೇಡ. ಯಾರೂ ನಮ್ಮನ್ನು ಬೇಕೆಂದು ಹೊರಗಿಟ್ಟಿಲ್ಲ, ಅರ್ಜಿಯ ಮೊದಲ ಸಾಲಿನಲ್ಲೇ ನಾವು ಹೊರಗಿದ್ದೇವೆ. ಶಕ್ತಿ ಯೋಜನೆಯ ಮೇಲೆ ಹೆಣ್ಣುಮಕ್ಕಳು ತುಂಬಿ ತುಳುಕುವ ವಾಯವ್ಯ ಸಾರಿಗೆಯ ಬಸ್ಸು, ಅದು ಸಿಗದಿದ್ದರೆ ಟಂಟಂ, ಇವೆರಡರಲ್ಲಿ ಓಡಾಡುವವರು ಬಿಟ್ಟ ತೆರಿಗೆಯ ಒಂದು ರೂಪಾಯಿಯನ್ನೂ ಕಂಡವರಲ್ಲ.

ವೇಗದ ಚಾರ್ಜರುಗಳೂ ಹೆದ್ದಾರಿಯನ್ನೇ ಹುಡುಕಿಕೊಂಡು ಹೋಗುತ್ತವೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವನ್ನು ಮುಟ್ಟಿಕೊಂಡು ಹೋಗುವ ಪುಣೆ-ಬೆಂಗಳೂರು ರಸ್ತೆ ಲಾಭದ ರಸ್ತೆ. ಮೂಡಲಗಿಯಿಂದ ಯಾದವಾಡಕ್ಕೆ ಹೋಗುವುದು ಅಲ್ಲ. ಹೊರಗೆ ಚಾರ್ಜ್ ಮಾಡಿದರೆ ಯೂನಿಟ್ಟಿಗೆ ಇಪ್ಪತ್ತು ರೂಪಾಯಿಯ ಆಸುಪಾಸು ಬೀಳುತ್ತದೆ, ಕಿಲೋಮೀಟರಿಗೆ ಮೂರು. ಓಣಿಯಲ್ಲಿ, ಗುಡಿಯ ಮುಂದೆ, ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸುವವರಿಗೆ ಮನೆಯ ಪ್ಲಗ್ಗಿನ ಒಂದು ರೂಪಾಯಿ ಲೆಕ್ಕವೇ ಅನ್ವಯಿಸುವುದಿಲ್ಲ.

ನನಗೆ ಸಿಟ್ಟು ಬರುವುದು ಇದು ನಮ್ಮ ಊರುಗಳು ಎಂಬ ಕಾರಣಕ್ಕೆ. ಗೋಕಾಕ ಜಲಪಾತದ ನೀರಿನ ಬಲದಿಂದ ಗಿರಣಿ ತಿರುಗಿದ್ದು 1887ರಲ್ಲಿ. ದೇಶದಲ್ಲಿ ಮೊದಲು ಕರೆಂಟು ಹುಟ್ಟಿದ್ದೇ ಇಲ್ಲಿ ಎಂದು ನಮ್ಮವರು ಎದೆ ತಟ್ಟುತ್ತಾರೆ. ಡಾರ್ಜಿಲಿಂಗಿನವರಿಗೂ ಶಿವನಸಮುದ್ರದವರಿಗೂ ಅವರದೇ ಲೆಕ್ಕವಿದೆ, ಆ ಜಗಳ ಇಲ್ಲಿ ಬೇಡ. ಹಿಡಕಲ್ ಅಣೆಕಟ್ಟಿನ ಬುಡದಲ್ಲಿ 32 ಮೆಗಾವ್ಯಾಟ್‌ನ ಘಟಕವಿದೆ. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ಕರೆಂಟು ಮಾರುತ್ತವೆ, ಅದೇ ಕಬ್ಬಿನಿಂದ ಎಥೆನಾಲ್ ಮಾಡಿ ಪೆಟ್ರೋಲಿಗೂ ಬೆರೆಸುತ್ತವೆ. ಕಾರು ಯಾವುದರ ಮೇಲೆ ಓಡಿದರೂ ನಮ್ಮ ಹೊಲದಿಂದ ಏನೋ ಒಂದು ಹೋಗುತ್ತದೆ.

ಹುಕ್ಕೇರಿಯದಂತೂ ಬೇರೆಯೇ ಮಾತು. 1969ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿದರು. ಗುಜರಾತಿನ ಕೊಡಿನಾರ್, ಆಂಧ್ರದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ಐದನೆಯದು ನಮ್ಮ ಹುಕ್ಕೇರಿ. ಕರ್ನಾಟಕದಲ್ಲಿ ಇವತ್ತಿಗೂ ಕರೆಂಟನ್ನು ಸಗಟಾಗಿ ಕೊಂಡು ತನ್ನ ಸದಸ್ಯರಿಗೆ ಹಂಚುವ ಸಹಕಾರ ಸಂಘ ಇದೊಂದೇ. 2025ರ ಸೆಪ್ಟೆಂಬರ್‌ನಲ್ಲಿ ಅದರ ಆಡಳಿತ ಮಂಡಳಿಗೆ ಚುನಾವಣೆ ನಡೆದಾಗ ಜಿಲ್ಲೆಯ ದೊಡ್ಡ ಮನೆತನಗಳೆಲ್ಲ ವಿಧಾನಸಭೆಗೆ ನಿಂತಂತೆ ನಿಂತು ಸೆಣಸಿದವು. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲ ಸಂಘದ್ದೇ. ತನ್ನ ತಂತಿಯ ಮೇಲೆ ತಾನೇ ಚಾರ್ಜಿಂಗ್ ಜಾಗ ಮಾಡಿ, ಸಂತೆ ಕೂಡುವ ಕಡೆ, ಆಸ್ಪತ್ರೆಯ ಮುಂದೆ, ಬಸ್ ನಿಲ್ದಾಣದಲ್ಲಿ ಸದಸ್ಯರ ದರದಲ್ಲಿ ಕರೆಂಟು ಕೊಡುವುದಕ್ಕೆ ಇಂಥ ಸಂಘಕ್ಕಿಂತ ಸೂಕ್ತವಾದದ್ದು ರಾಜ್ಯದಲ್ಲಿ ಇನ್ನಾವುದಿದೆ?

ಹಣ ಎಲ್ಲಿಂದ ಎನ್ನುತ್ತೀರಿ. ವಿನಾಯಿತಿಯನ್ನು ಶೇಕಡಾವಾರಿನಲ್ಲಿ ಕೊಡುವುದು ಬಿಟ್ಟು ರೂಪಾಯಿಯಲ್ಲಿ ಕೊಡಲಿ: ಪ್ರತಿ ಕಾರಿಗೆ ಹೆಚ್ಚೆಂದರೆ ಒಂದು ಲಕ್ಷ, ಅದರ ಮೇಲೆ ಬರುವ ತೆರಿಗೆಯನ್ನು ಕಟ್ಟಿಸಿಕೊಳ್ಳಲಿ. 9 ಲಕ್ಷದ ಕಾರಿಗೆ ಇದರಿಂದ ಕಡಿಮೆಯಾಗುವುದು 26 ಸಾವಿರ, 24 ಲಕ್ಷದ್ದಕ್ಕೆ 3.32 ಲಕ್ಷ. ಆ ದುಡ್ಡನ್ನು ತಾಲ್ಲೂಕುಗಳ ಚಾರ್ಜಿಂಗ್ ಜಾಗಕ್ಕೆ, ಆರ್‌ಟಿಒ ಕಚೇರಿಯಲ್ಲಿ ಹಳೆಯ ಬ್ಯಾಟರಿ ಪರೀಕ್ಷಿಸಿ ಚೀಟಿ ಕೊಡುವ ಯಂತ್ರಕ್ಕೆ, ವಾಯವ್ಯ ಸಾರಿಗೆಯ ಬಸ್ಸಿಗೆ ಹಾಕಲಿ. ವಾಹನಕ್ಕೆ ಪ್ರತ್ಯೇಕ ಮೀಟರು ಕೊಟ್ಟು, ಅದರ ಯೂನಿಟ್ಟಿಗೆ ಪೂರ್ತಿ ಬೆಲೆ ಕಟ್ಟಿಸಿಕೊಂಡು, ಮನೆಯ ಎಪ್ಪತ್ತು ಯೂನಿಟ್ಟನ್ನು ಅದರ ಪಾಡಿಗೆ ಬಿಡಲಿ. ಹುಕ್ಕೇರಿ ಸಂಘದ ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಪ್ರತ್ಯೇಕ ಮೀಟರಿನ ಬಗ್ಗೆ ಒಂದು ಠರಾವು ಮಂಡಿಸಲು ಬೇಕಾಗುವುದು ಒಬ್ಬ ಸದಸ್ಯ, ಒಬ್ಬ ಅನುಮೋದಕ. ಅಲ್ಲಿ ಮತ ಇರುವ ಓದುಗರು ಇದನ್ನು ಓದುತ್ತಿದ್ದರೆ ಠರಾವಿನ ಕರಡು ಬರೆದುಕೊಡಲು ನಾನು ತಯಾರಿದ್ದೇನೆ.